ಪೆಟ್ಟಿಗೆ ಬಿಟ್ಟ ಫೈರ್‌ವಾಲ್ ಮತ್ತು ಹೊಂದಿಕೆಯ ಪ್ರಶ್ನೆ

ಬ್ಯಾಂಕಿನ ಶಾಖೆಯನ್ನು ಕೇಂದ್ರ ಕಚೇರಿಗೆ ಜೋಡಿಸುವ ರೂಟರ್, ಒಳಜಾಲಕ್ಕೂ ಅಂತರ್ಜಾಲಕ್ಕೂ ನಡುವೆ ನಿಂತು ಬರುವ ಹೋಗುವ ಸಂಚಾರವನ್ನು ತಪಾಸಣೆ ಮಾಡುವ ಫೈರ್‌ವಾಲ್, ಸಾವಿರಾರು ಬಳಕೆದಾರರ ಕೋರಿಕೆಗಳನ್ನು ಹಲವು ಸರ್ವರ್‌ಗಳಿಗೆ ಹಂಚುವ ಲೋಡ್ ಬ್ಯಾಲೆನ್ಸರ್ ಮೊದಲಾದವು ಬಹುಕಾಲ ಲೋಹದ ಪೆಟ್ಟಿಗೆಗಳಾಗಿಯೇ ಮಾರಾಟವಾಗುತ್ತಿದ್ದವು. ಪೆಟ್ಟಿಗೆಯೊಳಗಿನ ಪ್ರೊಸೆಸರ್, ನೆಟ್‌ವರ್ಕ್ ಪೋರ್ಟ್‌ಗಳು, ಅವುಗಳ ಮೇಲೆ ನಡೆಯುವ ತಂತ್ರಾಂಶ ಎಲ್ಲವೂ ಒಬ್ಬನೇ ತಯಾರಕನ ಹೊಣೆಯಾಗಿದ್ದುದರಿಂದ ಅವು ಒಂದಕ್ಕೊಂದು ಹೊಂದುತ್ತವೆಯೇ ಎಂಬ ಪ್ರಶ್ನೆ ಕೊಳ್ಳುವವರ ಮುಂದೆ ಬರುತ್ತಲೇ ಇರಲಿಲ್ಲ. 2012ರ ಅಕ್ಟೋಬರಿನಲ್ಲಿ ಜರ್ಮನಿಯ ಡಾರ್ಮ್‌ಸ್ಟಾಟ್‌ನಲ್ಲಿ ನಡೆದ ಸಮಾವೇಶದ ಸಂದರ್ಭದಲ್ಲಿ ಎಟಿ ಅಂಡ್ ಟಿ, ಬಿಟಿ, ಡಾಯ್ಚ ಟೆಲಿಕಾಂ, ಟೆಲಿಫೋನಿಕಾ, ವೆರಿಝಾನ್ ಮೊದಲಾದ ದೂರಸಂಪರ್ಕ ಕಂಪನಿಗಳು ಸೇರಿ ಒಂದು ಶ್ವೇತಪತ್ರ ಹೊರಡಿಸಿ, ಈ ಕೆಲಸಗಳನ್ನೆಲ್ಲ ಪೆಟ್ಟಿಗೆಗಳಿಂದ ಬಿಡಿಸಿ ಸಾಮಾನ್ಯ ಸರ್ವರ್‌ಗಳ ಮೇಲೆ ತಂತ್ರಾಂಶವಾಗಿ ನಡೆಸುವಂತಾಗಬೇಕೆಂದು ಕರೆಕೊಟ್ಟವು. ಯುರೋಪಿನ ದೂರಸಂಪರ್ಕ ಮಾನಕ ಸಂಸ್ಥೆಯಾದ ಎಟ್ಸಿ ಅದಕ್ಕೆ ಬೇಕಾದ ನಿರ್ದೇಶನಗಳನ್ನು ರೂಪಿಸುವ ಕೆಲಸವನ್ನು ಕೈಗೆತ್ತಿಕೊಂಡಿತು. ಹೀಗೆ ಪೆಟ್ಟಿಗೆಯನ್ನು ಬಿಟ್ಟು ಒಂದು ಫೈಲ್‌ನ ರೂಪದಲ್ಲಿ ಬರುವ ರೂಟರ್ ಅಥವಾ ಫೈರ್‌ವಾಲನ್ನೇ ವರ್ಚುವಲ್ ನೆಟ್‌ವರ್ಕ್ ಅಪ್ಲೈಯನ್ಸ್ ಎನ್ನಲಾಗುತ್ತದೆ.

ಇಂಥ ಅಪ್ಲೈಯನ್ಸ್ ಮಾರುವ ಪ್ರತಿಯೊಬ್ಬ ತಯಾರಕನೂ ಒಂದು ಕೋಷ್ಟಕವನ್ನು ಪ್ರಕಟಿಸುತ್ತಾನೆ. ವಿಎಂವೇರ್, ಕೆವಿಎಂ, ಹೈಪರ್-ವಿ ಎಂಬ ಹೈಪರ್‌ವೈಸರ್‌ಗಳ ಹಾಗೂ ಅಮೆಜಾನಿನ ಎಡಬ್ಲ್ಯೂಎಸ್, ಮೈಕ್ರೋಸಾಫ್ಟ್‌ನ ಅಝೂರ್, ಗೂಗಲ್ ಕ್ಲೌಡ್ ಎಂಬ ಕ್ಲೌಡ್ ಸೇವೆಗಳ ಹೆಸರುಗಳ ಎದುರು ಗುರುತು ಹಾಕಿದ ಆ ಕೋಷ್ಟಕವನ್ನು ನೋಡಿ ಖರೀದಿ ತೀರ್ಮಾನವಾಗುತ್ತದೆ. ಆದರೆ ಆ ಗುರುತು ಹೇಳುವುದು ಬಹಳ ಕಡಿಮೆ. ಅಪ್ಲೈಯನ್ಸ್ ಬೂಟ್ ಆಗುವುದು ಒಂದು ಸಂಗತಿಯಾದರೆ, ಅದು ತನ್ನ ನೆಟ್‌ವರ್ಕ್ ಕಾರ್ಡುಗಳನ್ನು ಗುರುತಿಸುವುದು ಇನ್ನೊಂದು, ಹೇಳಿದ ವೇಗದಲ್ಲಿ ಪ್ಯಾಕೆಟ್‌ಗಳನ್ನು ಸಾಗಿಸುವುದು ಮತ್ತೊಂದು. ಜೋಡಿಯಲ್ಲಿ ಒಂದು ಬಿದ್ದಾಗ ಇನ್ನೊಂದು ಅದರ ಕೆಲಸವನ್ನು ವಹಿಸಿಕೊಳ್ಳುವುದಂತೂ ಇವೆಲ್ಲಕ್ಕಿಂತ ಬೇರೆಯಾದ, ಇವೆಲ್ಲಕ್ಕಿಂತ ಕಠಿಣವಾದ ಸಂಗತಿ. ಕೋಷ್ಟಕದ ಗುರುತು ಸಾಮಾನ್ಯವಾಗಿ ಮೊದಲೆರಡಕ್ಕೆ ಉತ್ತರವಾಗಿರುತ್ತದೆ. ಕೊಳ್ಳುವ ಸಂಸ್ಥೆಗೆ ನಿಜವಾಗಿ ಬೇಕಾಗುವುದು ಕೊನೆಯೆರಡಕ್ಕೆ ಉತ್ತರ.

ಒಂದೇ ಭೌತಿಕ ಯಂತ್ರದ ಪ್ರೊಸೆಸರ್, ಮೆಮೊರಿ, ಡಿಸ್ಕ್‌ಗಳನ್ನು ಹಲವು ವರ್ಚುವಲ್ ಯಂತ್ರಗಳಿಗೆ, ಅಂದರೆ ಬಳಕೆಯ ಮಾತಿನಲ್ಲಿ ವಿಎಂಗಳಿಗೆ, ಹಂಚಿಕೊಟ್ಟು ಪ್ರತಿಯೊಂದಕ್ಕೂ ತಾನೇ ಪೂರ್ಣ ಯಂತ್ರದ ಒಡೆಯನೆಂಬ ಭಾವನೆ ಬರುವಂತೆ ಮಾಡುವ ತಂತ್ರಾಂಶವೇ ಹೈಪರ್‌ವೈಸರ್. ಇದರ ಸಿದ್ಧಾಂತವನ್ನು ಜೆರಾಲ್ಡ್ ಪೊಪೆಕ್ ಮತ್ತು ರಾಬರ್ಟ್ ಗೋಲ್ಡ್‌ಬರ್ಗ್ 1974ರಲ್ಲಿಯೇ ಮಂಡಿಸಿದ್ದರು: ವಿಎಂನೊಳಗೆ ನಡೆಯುವ ಪ್ರೋಗ್ರಾಂ ನಿಜವಾದ ಯಂತ್ರದ ಮೇಲೆ ನಡೆದಂತೆಯೇ ನಡೆಯಬೇಕು, ಅದರ ಬಹುಪಾಲು ಆದೇಶಗಳು ಹೈಪರ್‌ವೈಸರಿನ ನಡುವಣ ಪ್ರವೇಶವಿಲ್ಲದೆ ನೇರವಾಗಿ ಪ್ರೊಸೆಸರಿನಲ್ಲಿ ನಡೆಯಬೇಕು, ಸಂಪನ್ಮೂಲಗಳ ಹಿಡಿತ ಮಾತ್ರ ಸದಾ ಹೈಪರ್‌ವೈಸರಿನ ಕೈಯಲ್ಲಿಯೇ ಇರಬೇಕು. ಇಂಟೆಲ್‌ನ ಪೆಂಟಿಯಂ ಪ್ರೊಸೆಸರಿನಲ್ಲಿ ಈ ನಿಯಮಗಳಿಗೆ ಒಗ್ಗದ 17 ಆದೇಶಗಳಿದ್ದವು. ಆ ತೊಡಕನ್ನು ಒಬ್ಬೊಬ್ಬರು ಒಂದೊಂದು ದಾರಿಯಲ್ಲಿ ದಾಟಿದರು. 1998ರಲ್ಲಿ ಸ್ಥಾಪನೆಯಾದ ವಿಎಂವೇರ್ ಕಂಪನಿ ಅಂಥ ಆದೇಶಗಳನ್ನು ನಡೆಯುತ್ತಿರುವಾಗಲೇ ಬೇರೆ ಆದೇಶಗಳಾಗಿ ಮಾರ್ಪಡಿಸುವ ಉಪಾಯ ಹೂಡಿತು. ಕೇಂಬ್ರಿಡ್ಜ್ ವಿಶ್ವವಿದ್ಯಾಲಯದಲ್ಲಿ ರೂಪುಗೊಂಡು 2003ರಲ್ಲಿ ಹೊರಬಂದ ಝೆನ್, ವಿಎಂನೊಳಗಿನ ಆಪರೇಟಿಂಗ್ ಸಿಸ್ಟಮನ್ನೇ ತಿದ್ದಿ ಅದು ಹೈಪರ್‌ವೈಸರಿನ ಜೊತೆ ನೇರವಾಗಿ ವ್ಯವಹರಿಸುವಂತೆ ಮಾಡಿತು. 2005ರ ಕೊನೆಗೆ ಇಂಟೆಲ್, ಮರುವರ್ಷ ಎಎಂಡಿ ಈ ಕೆಲಸಕ್ಕೆಂದೇ ಪ್ರೊಸೆಸರಿನಲ್ಲಿ ಸೌಲಭ್ಯ ಕೊಟ್ಟ ಮೇಲೆ, ಅದನ್ನೇ ನೆಚ್ಚಿಕೊಂಡ ಕೆವಿಎಂ 2007ರಲ್ಲಿ ಲಿನಕ್ಸ್ ಕರ್ನೆಲಿನ ಭಾಗವಾಯಿತು. 2008ರಲ್ಲಿ ಮೈಕ್ರೋಸಾಫ್ಟ್‌ನ ಹೈಪರ್-ವಿ ಬಂದಿತು.

ಹೊಂದಿಕೆಯ ತೊಂದರೆ ಎಲ್ಲಿ ಹುಟ್ಟುತ್ತದೆ ಎಂಬುದನ್ನು ಈ ಇತಿಹಾಸ ತೋರಿಸುತ್ತದೆ. ಪ್ರೊಸೆಸರಿನ ಮಟ್ಟಿಗೆ ಎಲ್ಲ ಹೈಪರ್‌ವೈಸರ್‌ಗಳೂ ಹೆಚ್ಚುಕಡಿಮೆ ಒಂದೇ ಯಂತ್ರವನ್ನು ಕಾಣಿಸುತ್ತವೆಯಾದರೂ ಡಿಸ್ಕ್, ನೆಟ್‌ವರ್ಕ್ ಕಾರ್ಡ್‌ಗಳಂಥ ಸಾಧನಗಳ ವಿಷಯದಲ್ಲಿ ಅಂಥ ಒಮ್ಮತ ಇರಲೇ ಇಲ್ಲ. ಇಂಟೆಲ್‌ನ ಹಳೆಯ ಇ1000 ಕಾರ್ಡನ್ನು ತಂತ್ರಾಂಶದಲ್ಲಿ ಅನುಕರಿಸಿ ತೋರಿಸುವುದು ಎಲ್ಲಕ್ಕಿಂತ ಸುಲಭದ ದಾರಿಯಾಗಿತ್ತು. ಆದರೆ ಅನುಕರಣೆಯ ಪ್ರತಿ ಹೆಜ್ಜೆಯಲ್ಲೂ ಹೈಪರ್‌ವೈಸರ್ ಮಧ್ಯೆ ಪ್ರವೇಶಿಸಬೇಕಾದ್ದರಿಂದ ಅದು ನಿಧಾನ. ಆದ್ದರಿಂದ ವಿಎಂವೇರ್ ವಿಎಂಎಕ್ಸ್‌ನೆಟ್3 ಎಂಬ ತನ್ನದೇ ಕಾರ್ಡನ್ನು, ಮೈಕ್ರೋಸಾಫ್ಟ್ ನೆಟ್‌ವಿಎಸ್‌ಸಿ ಎಂಬುದನ್ನು, ಅಮೆಜಾನ್ ಇಎನ್‌ಎ ಎಂಬುದನ್ನು, ಗೂಗಲ್ ಜಿವಿನಿಕ್ ಎಂಬುದನ್ನು ರೂಪಿಸಿಕೊಂಡವು. ಲಿನಕ್ಸ್ ವಲಯದಲ್ಲಿ ರಸ್ಟಿ ರಸೆಲ್ ಪ್ರಸ್ತಾಪಿಸಿದ ವರ್ಟಿಯೋ ಮುಂದೆ ಓಯಾಸಿಸ್ ಸಂಸ್ಥೆಯ ಮಾನಕವಾದರೂ ಅದನ್ನು ಎಲ್ಲರೂ ಒಪ್ಪಿಕೊಳ್ಳಲಿಲ್ಲ. ಇವುಗಳಲ್ಲಿ ಪ್ರತಿಯೊಂದಕ್ಕೂ ಬೇರೆ ಬೇರೆ ಡ್ರೈವರ್ ಬೇಕು. ಸಾಮಾನ್ಯ ಸರ್ವರ್ ಆಗಿದ್ದರೆ ಅದರ ನಿರ್ವಾಹಕ ಬೇಕಾದ ಡ್ರೈವರನ್ನು ತಾನೇ ಹಾಕಿಕೊಳ್ಳಬಹುದು. ಅಪ್ಲೈಯನ್ಸಿನ ಒಳಗಿರುವುದೂ ಲಿನಕ್ಸೋ ಫ್ರೀಬಿಎಸ್‌ಡಿಯೋ ಆಗಿದ್ದರೂ ಅದು ತಯಾರಕ ಮುದ್ರೆ ಒತ್ತಿ ಮುಚ್ಚಿಕೊಟ್ಟ ವ್ಯವಸ್ಥೆಯಾದ್ದರಿಂದ ಕೊಂಡವರು ಅದರೊಳಗೆ ಕೈಹಾಕುವಂತಿಲ್ಲ. ತಯಾರಕ ಯಾವ ಕರ್ನೆಲ್ ಆವೃತ್ತಿಯನ್ನು ಆಯ್ದುಕೊಂಡ, ಅದರಲ್ಲಿ ಯಾವ ಡ್ರೈವರ್‌ಗಳನ್ನು ಸೇರಿಸಿದ ಎಂಬುದೇ ಅಪ್ಲೈಯನ್ಸಿನ ಹೊಂದಿಕೆಯ ಮೊದಲ ಎಲ್ಲೆ.

ಈ ಎಲ್ಲೆ ಎಷ್ಟು ಗಟ್ಟಿ ಎಂಬುದನ್ನು ಎಡಬ್ಲ್ಯೂಎಸ್‌ನ ಒಂದು ಬದಲಾವಣೆ ತೋರಿಸಿಕೊಟ್ಟಿತು. 2006ರಲ್ಲಿ ಆರಂಭವಾದ ಅದರ ಇಸಿ2 ಸೇವೆ ಝೆನ್ ಮೇಲೆ ನಿಂತಿತ್ತು. 2017ರ ನವೆಂಬರಿನಲ್ಲಿ ಬಂದ ಸಿ5 ಸರಣಿಯ ವಿಎಂಗಳೊಂದಿಗೆ ಅಮೆಜಾನ್, ಕೆವಿಎಂ ಆಧಾರಿತವಾದ ನೈಟ್ರೋ ಹೈಪರ್‌ವೈಸರಿಗೆ ತಿರುಗಿತು. ಝೆನ್ ಕಾಲದಲ್ಲಿ ಎಕ್ಸ್‌ವಿಡಿಎ ಎಂಬ ಹೆಸರಿನಿಂದ ಕಾಣಿಸುತ್ತಿದ್ದ ಡಿಸ್ಕ್ ಈಗ ಎನ್‌ವಿಎಂಇ ಸಾಧನವಾಗಿ ಕಾಣಿಸತೊಡಗಿತು, ನೆಟ್‌ವರ್ಕ್ ಕಾರ್ಡ್ ಇಎನ್‌ಎ ಆಯಿತು. ಎರಡಕ್ಕೂ ಡ್ರೈವರ್ ಇಲ್ಲದ ಹಳೆಯ ಇಮೇಜ್, ಅಂದರೆ ಅಪ್ಲೈಯನ್ಸಿನ ಫೈಲ್, ಅದೇ ಕ್ಲೌಡಿನ ಹಿಂದಿನ ಸರಣಿಯ ವಿಎಂನಲ್ಲಿ ಸಲೀಸಾಗಿ ನಡೆಯುತ್ತಿದ್ದುದು, ಹೊಸ ಸರಣಿಯಲ್ಲಿ ತನ್ನ ಡಿಸ್ಕನ್ನೇ ಕಾಣದೆ ಬೂಟ್ ಹಂತದಲ್ಲಿ ನಿಂತುಬಿಡುತ್ತದೆ. ಎಡಬ್ಲ್ಯೂಎಸ್ ಎಂಬ ಹೆಸರಿನ ಎದುರಿಗಿರುವ ಒಂದೇ ಗುರುತಿನಿಂದ ಈ ವ್ಯತ್ಯಾಸ ತಿಳಿಯುವುದಿಲ್ಲ. ಅಪ್ಲೈಯನ್ಸಿನ ಯಾವ ಆವೃತ್ತಿ, ಕ್ಲೌಡಿನ ಯಾವ ಸರಣಿ ಎಂಬ ಜೋಡಿಯನ್ನು ಕೇಳಿದಾಗ ಮಾತ್ರ ತಿಳಿಯುತ್ತದೆ. ಅಮೆಜಾನ್ 2018ರಲ್ಲಿ ತನ್ನದೇ ಆರ್ಮ್ ಪ್ರೊಸೆಸರ್ ಗ್ರಾವಿಟನ್ ಅನ್ನು ತಂದ ಮೇಲೆ ಇದಕ್ಕೆ ಇನ್ನೊಂದು ಮಗ್ಗುಲು ಸೇರಿತು, ಏಕೆಂದರೆ ಎಕ್ಸ್86 ಪ್ರೊಸೆಸರಿಗಾಗಿ ಕಟ್ಟಿದ ಅಪ್ಲೈಯನ್ಸ್ ಅಗ್ಗದ ಆರ್ಮ್ ವಿಎಂ ಮೇಲೆ ನಡೆಯುವುದೇ ಇಲ್ಲ.

ಇಮೇಜ್ ಫೈಲಿನ ಸ್ವರೂಪದ ವಿಷಯದಲ್ಲಿ ಹೆಚ್ಚು ಹೇಳಬೇಕಾದ್ದಿಲ್ಲ. ವಿಎಂವೇರ್‌ಗೆ ವಿಎಂಡಿಕೆ ಅಥವಾ ಅದನ್ನೊಳಗೊಂಡ ಒವಿಎ ಕಟ್ಟು, ಕೆವಿಎಂಗೆ ಕ್ಯೂಕೌ2, ಗೂಗಲ್‌ಗೆ ಟಾರ್ ಮಾಡಿ ಕುಗ್ಗಿಸಿದ ಕಚ್ಚಾ ಡಿಸ್ಕ್ ಫೈಲ್, ಅಝೂರ್‌ಗೆ ಗಾತ್ರ ಸರಿಯಾಗಿ 1 ಮೆಬಿಬೈಟಿನ ಗುಣಕವಾಗಿರುವ ಸ್ಥಿರ ವಿಎಚ್‌ಡಿ ಬೇಕು. ಒಂದನ್ನು ಇನ್ನೊಂದಾಗಿ ಮಾರ್ಪಡಿಸುವ ಉಪಕರಣಗಳು ಪುಕ್ಕಟೆಯಾಗಿ ಸಿಗುತ್ತವೆ, ಮತ್ತು ಮಾರ್ಪಾಡು ನಿಮಿಷಗಳ ಕೆಲಸ. ಈ ಸುಲಭತೆಯೇ ಅನೇಕರನ್ನು ದಾರಿತಪ್ಪಿಸುತ್ತದೆ, ಏಕೆಂದರೆ ಫೈಲಿನ ಹೊದಿಕೆ ಬದಲಾದರೂ ಒಳಗಿನ ಡ್ರೈವರ್‌ಗಳು ಬದಲಾಗುವುದಿಲ್ಲ. ಹಳೆಯ ಬಯೋಸ್ ವಿಧಾನದಲ್ಲಿ ಬೂಟ್ ಆಗುವಂತೆ ಕಟ್ಟಿದ ಇಮೇಜ್, ಯುಇಎಫ್‌ಐ ಮಾತ್ರ ಬಲ್ಲ ಹೈಪರ್-ವಿಯ ಎರಡನೆಯ ತಲೆಮಾರಿನ ವಿಎಂನಲ್ಲಿ ಏಳುವುದಿಲ್ಲ ಎಂಬುದನ್ನೂ ಇಲ್ಲಿಯೇ ನೆನೆಯಬಹುದು.

ಮೊದಲ ಬಾರಿ ಎದ್ದ ಅಪ್ಲೈಯನ್ಸಿಗೆ ಐಪಿ ವಿಳಾಸ, ಪಾಸ್‌ವರ್ಡ್, ಲೈಸೆನ್ಸ್ ಯಾರು ಕೊಡುತ್ತಾರೆ ಎಂಬುದು ಅನಂತರದ ಪ್ರಶ್ನೆ. ಕಚೇರಿಯ ಸ್ವಂತ ಹೈಪರ್‌ವೈಸರಿನಲ್ಲಾದರೆ ಕನ್ಸೋಲ್ ಪರದೆಯನ್ನು ತೆರೆದು ಕೈಯಾರೆ ಟೈಪ್ ಮಾಡಬಹುದು. ಕ್ಲೌಡಿನಲ್ಲಿ ಹಾಗಲ್ಲ, ಎಡಬ್ಲ್ಯೂಎಸ್‌ನಲ್ಲಿ ಒಳಗೆ ಟೈಪ್ ಮಾಡಬಹುದಾದ ಸೀರಿಯಲ್ ಕನ್ಸೋಲ್ ಬಂದದ್ದೇ 2021ರಲ್ಲಿ. ಅಲ್ಲಿ ವಿಎಂ ಎದ್ದೊಡನೆ ಡಿಎಚ್‌ಸಿಪಿ ಮೂಲಕ ವಿಳಾಸ ಪಡೆದು, 169.254.169.254 ಎಂಬ ನಿಗದಿತ ವಿಳಾಸದಲ್ಲಿರುವ ಮೆಟಾಡೇಟಾ ಸೇವೆಯನ್ನು ಕೇಳಿ, ತನಗಾಗಿ ಬರೆದಿಟ್ಟ ಸೂಚನೆಗಳನ್ನು ತಾನೇ ಓದಿಕೊಂಡು ಸಿದ್ಧವಾಗಬೇಕು. ಫೈರ್‌ವಾಲ್‌ಗೆ ಸ್ಥಿರ ವಿಳಾಸವನ್ನೇ ಕೊಟ್ಟು ರೂಢಿಯಾದ ತಯಾರಕರು ಇದನ್ನು ಕಲಿಯಲು ಕಾಲ ಹಿಡಿಯಿತು.

ವೇಗದ ವಿಷಯಕ್ಕೆ ಬಂದರೆ ಲೆಕ್ಕ ಕಠೋರವಾಗಿದೆ. ಸೆಕೆಂಡಿಗೆ 10 ಗಿಗಾಬಿಟ್ ಸಾಮರ್ಥ್ಯದ ಈಥರ್‌ನೆಟ್ ತಂತಿಯಲ್ಲಿ ಅತಿ ಚಿಕ್ಕ, ಅಂದರೆ 64 ಬೈಟಿನ ಫ್ರೇಮುಗಳು ತುಂಬಿ ಬಂದರೆ ಅವುಗಳ ಸಂಖ್ಯೆ ಸೆಕೆಂಡಿಗೆ 1 ಕೋಟಿ 48 ಲಕ್ಷ 80 ಸಾವಿರದಷ್ಟಾಗುತ್ತದೆ. ಒಂದು ಪ್ಯಾಕೆಟ್ಟಿಗೆ ಸಿಗುವ ಸಮಯ 67.2 ನ್ಯಾನೋಸೆಕೆಂಡ್. 3 ಗಿಗಾಹರ್ಟ್ಸ್ ಪ್ರೊಸೆಸರಿನ ಒಂದು ಕೋರ್‌ಗೆ ಅದು ಸುಮಾರು 200 ಗಡಿಯಾರ ಬಡಿತಗಳಷ್ಟು. ಅಷ್ಟರೊಳಗೆ ಪ್ಯಾಕೆಟ್ಟನ್ನು ಭೌತಿಕ ಕಾರ್ಡಿನಿಂದ ಎತ್ತಿ, ಹೈಪರ್‌ವೈಸರಿನ ವರ್ಚುವಲ್ ಸ್ವಿಚ್ ದಾಟಿಸಿ, ವಿಎಂನ ಮೆಮೊರಿಗೆ ನಕಲು ಮಾಡಿ, ಅಲ್ಲಿ ನಿಯಮಗಳಿಗೆ ಹೋಲಿಸಿ ನೋಡಿ, ಮತ್ತೆ ಅದೇ ದಾರಿಯಲ್ಲಿ ಹೊರಗೆ ಕಳಿಸಬೇಕು. ವಿಎಂನಿಂದ ಹೈಪರ್‌ವೈಸರಿಗೆ ಒಮ್ಮೆ ಹೋಗಿ ಬರುವುದಕ್ಕೇ ಈ ಸಮಯಕ್ಕಿಂತ ಹೆಚ್ಚು ತಗಲುವುದರಿಂದ, ಪ್ರತಿ ಪ್ಯಾಕೆಟ್ಟಿಗೂ ಪ್ರೊಸೆಸರನ್ನು ಕರೆದು ಎಚ್ಚರಿಸುವ ಸಾಮಾನ್ಯ ವಿಧಾನ ಇಲ್ಲಿ ನಡೆಯುವುದಿಲ್ಲ.

ಈ ಬಿಕ್ಕಟ್ಟಿಗೆ ಎರಡು ಪರಿಹಾರಗಳು ಬೆಳೆದುಬಂದಿವೆ. 2010ರ ಸುಮಾರಿಗೆ ಇಂಟೆಲ್‌ನಲ್ಲಿ ಆರಂಭವಾಗಿ ಈಗ ಲಿನಕ್ಸ್ ಫೌಂಡೇಶನ್‌ನ ಆಶ್ರಯದಲ್ಲಿರುವ ಡಿಪಿಡಿಕೆ ಎಂಬ ತಂತ್ರಾಂಶ ಸಂಗ್ರಹವು ಕರ್ನೆಲನ್ನು ಬದಿಗಿಟ್ಟು, ಒಂದೆರಡು ಕೋರ್‌ಗಳನ್ನು ಪೂರ್ತಿಯಾಗಿ ಪ್ಯಾಕೆಟ್ ಬಂದಿದೆಯೇ ಎಂದು ನೋಡುತ್ತಲೇ ಇರುವ ಕೆಲಸಕ್ಕೆ ಮೀಸಲಿಡುತ್ತದೆ. ಇಂಥ ಅಪ್ಲೈಯನ್ಸ್ ಖಾಲಿ ಕುಳಿತಿದ್ದಾಗಲೂ ಅದರ ಪ್ರೊಸೆಸರ್ ಬಳಕೆ ಶೇ. 100 ಎಂದೇ ಕಾಣಿಸುತ್ತದೆ; ಇದನ್ನು ಅರಿಯದ ನಿರ್ವಾಹಕರು ಯಾವುದೋ ದೋಷವಿದೆಯೆಂದು ತಿಳಿದು ಆ ಕೋರ್‌ಗಳನ್ನು ಬೇರೆ ವಿಎಂಗಳಿಗೂ ಹಂಚಿದರೆ ಪ್ಯಾಕೆಟ್‌ಗಳು ಕಳೆದುಹೋಗತೊಡಗುತ್ತವೆ. ಅಪ್ಲೈಯನ್ಸಿಗೆ ಕೊಟ್ಟ ಕೋರ್‌ಗಳು ಅದಕ್ಕೇ ಮೀಸಲಾಗಿರಬೇಕು, ಅದರ ಮೆಮೊರಿಯನ್ನು ದೊಡ್ಡ ಪುಟಗಳಲ್ಲಿ ಮೊದಲೇ ಕಟ್ಟಿಡಬೇಕು, ಕೋರ್, ಮೆಮೊರಿ, ನೆಟ್‌ವರ್ಕ್ ಕಾರ್ಡ್ ಮೂರೂ ಒಂದೇ ಪ್ರೊಸೆಸರ್ ಸಾಕೆಟ್ಟಿಗೆ ಸೇರಿದವಾಗಿರಬೇಕು. ಒಂದು ಸರ್ವರ್‌ನಲ್ಲಿ ಆದಷ್ಟು ಹೆಚ್ಚು ವಿಎಂಗಳನ್ನು ತುಂಬಿಸಿ ಖರ್ಚು ಉಳಿಸುವುದಕ್ಕೆಂದೇ ಹೈಪರ್‌ವೈಸರ್ ಹಾಕಿಕೊಂಡ ಸಂಸ್ಥೆಗೆ ಈ ಬೇಡಿಕೆಗಳು ದುಬಾರಿ ಎನಿಸಿದರೂ ಅವುಗಳಿಗೆ ಒಪ್ಪದೆ ವೇಗವನ್ನು ನಿರೀಕ್ಷಿಸುವಂತಿಲ್ಲ.

ಎರಡನೆಯ ಪರಿಹಾರ ಎಸ್‌ಆರ್-ಐಒವಿ. ಒಂದು ಭೌತಿಕ ನೆಟ್‌ವರ್ಕ್ ಕಾರ್ಡ್ ತನ್ನನ್ನು ಹಲವು ಚಿಕ್ಕ ಕಾರ್ಡುಗಳಾಗಿ ತೋರಿಸಿಕೊಂಡು, ಒಂದೊಂದನ್ನು ಒಂದೊಂದು ವಿಎಂಗೆ ನೇರವಾಗಿ ಒಪ್ಪಿಸುವ ಈ ವಿಧಾನದಲ್ಲಿ ವರ್ಚುವಲ್ ಸ್ವಿಚ್ಚಿನ ದಾರಿಯೇ ತಪ್ಪುತ್ತದೆ, ವೇಗ ಭೌತಿಕ ಪೆಟ್ಟಿಗೆಯ ಸಮೀಪಕ್ಕೆ ಬರುತ್ತದೆ. ಆದರೆ ಇದಕ್ಕೆ ತೆರಬೇಕಾದ ಬೆಲೆಯನ್ನು ಮಾರಾಟದ ಪತ್ರಿಕೆಗಳು ವಿರಳವಾಗಿ ಹೇಳುತ್ತವೆ. ಯಂತ್ರಾಂಶದಿಂದ ಬಿಡುಗಡೆ ಪಡೆಯುವುದೇ ವರ್ಚುವಲ್ ಅಪ್ಲೈಯನ್ಸಿನ ಉದ್ದೇಶವಾಗಿತ್ತು. ಎಸ್‌ಆರ್-ಐಒವಿ ಬಳಸಿದೊಡನೆ ಕಾರ್ಡಿನ ತಯಾರಕ ಯಾರು, ಮಾದರಿ ಯಾವುದು, ಅದರ ಫರ್ಮ್‌ವೇರ್ ಆವೃತ್ತಿ ಏನು ಎಂಬ ಪ್ರಶ್ನೆಗಳು ಮತ್ತೆ ಅಪ್ಲೈಯನ್ಸಿನ ಒಳಗೇ ಬಂದು ಕೂರುತ್ತವೆ. ನಡೆಯುತ್ತಿರುವ ವಿಎಂ ಅನ್ನು ನಿಲ್ಲಿಸದೆ ಒಂದು ಸರ್ವರಿನಿಂದ ಇನ್ನೊಂದಕ್ಕೆ ಸಾಗಿಸುವ ಸೌಲಭ್ಯವೂ ಸಾಮಾನ್ಯವಾಗಿ ಕೈತಪ್ಪುತ್ತದೆ. ಅಝೂರ್ ಇದಕ್ಕೆ ಮಾಡಿಕೊಂಡ ವ್ಯವಸ್ಥೆ ಗಮನಾರ್ಹವಾಗಿದೆ: ಅಲ್ಲಿ ವಿಎಂಗೆ ಹೈಪರ್-ವಿಯ ಕೃತಕ ಕಾರ್ಡ್ ಮತ್ತು ಎಸ್‌ಆರ್-ಐಒವಿಯ ವೇಗದ ಕಾರ್ಡ್ ಎರಡನ್ನೂ ಒಟ್ಟಿಗೆ ಕೊಡಲಾಗುತ್ತದೆ, ಕೆಳಗಿನ ಸರ್ವರಿಗೆ ದುರಸ್ತಿ ಬೇಕಾದಾಗ ವೇಗದ ಕಾರ್ಡನ್ನು ಕಿತ್ತುಕೊಂಡು ಸಂಚಾರವನ್ನು ಕೃತಕ ಕಾರ್ಡಿನ ಮೇಲೆ ಹಾಯಿಸಿ, ದುರಸ್ತಿ ಮುಗಿದ ಮೇಲೆ ಮತ್ತೆ ಕೊಡಲಾಗುತ್ತದೆ. ನಡೆಯುತ್ತಿರುವಾಗಲೇ ಕಾರ್ಡ್ ಮಾಯವಾಗಿ ಮರಳಿ ಬರುವುದನ್ನು ಸಹಿಸಿಕೊಳ್ಳಲು ಅಪ್ಲೈಯನ್ಸ್ ಕಲಿತಿರಬೇಕು. ಪೆಟ್ಟಿಗೆಯ ಕಾಲದಲ್ಲಿ ಬರೆದ ತಂತ್ರಾಂಶಕ್ಕೆ ಅಂಥ ಸನ್ನಿವೇಶದ ಕಲ್ಪನೆಯೇ ಇರಲಿಲ್ಲ.

ವೇಗ ಕುಸಿಯಲು ಇನ್ನೊಂದು ಕಾರಣವೂ ಉಂಟು. ಐಪಿಸೆಕ್ ಸುರಂಗಗಳ ಗೂಢಲಿಪೀಕರಣವನ್ನು ವೇಗವಾಗಿ ಮಾಡುವ ಎಇಎಸ್-ಎನ್‌ಐ ಆದೇಶಗಳು ಪ್ರೊಸೆಸರಿನಲ್ಲಿದ್ದರೂ, ಹಳೆಯ ಹೊಸ ಸರ್ವರ್‌ಗಳ ನಡುವೆ ವಿಎಂಗಳನ್ನು ಸಾಗಿಸಲು ಅನುವಾಗಲೆಂದು ಹೈಪರ್‌ವೈಸರ್ ಅವನ್ನು ವಿಎಂನಿಂದ ಮರೆಮಾಡಿರಬಹುದು. ಆಗ ಅಪ್ಲೈಯನ್ಸ್ ಯಾವ ದೂರನ್ನೂ ಹೇಳದೆ ನಡೆಯುತ್ತದೆ, ವೇಗ ಮಾತ್ರ ಕುಸಿದಿರುತ್ತದೆ.

ಇಷ್ಟಾದರೂ ಇವೆಲ್ಲ ಒಂದೇ ಯಂತ್ರದ ಒಳಗಿನ ಸಂಗತಿಗಳು. ಹೊಂದಿಕೆಯ ನಿಜವಾದ ಪರೀಕ್ಷೆ ನಡೆಯುವುದು ಎರಡು ಅಪ್ಲೈಯನ್ಸ್‌ಗಳು ಜೋಡಿಯಾಗಿ ನಿಂತಾಗ. ಮಹತ್ವದ ಜಾಲಗಳಲ್ಲಿ ಫೈರ್‌ವಾಲನ್ನಾಗಲಿ ರೂಟರನ್ನಾಗಲಿ ಸಾಮಾನ್ಯವಾಗಿ ಒಂಟಿಯಾಗಿ ಇಡುವುದಿಲ್ಲ. ಒಂದು ಬಿದ್ದರೆ ಇನ್ನೊಂದು ಕೂಡಲೇ ಹೊಣೆ ಹೊರಬೇಕು. ಇದಕ್ಕೆ ಬಹುಕಾಲದಿಂದ ಬಳಕೆಯಲ್ಲಿರುವ ವಿಆರ್‌ಆರ್‌ಪಿ ಎಂಬ ನಿಯಮಾವಳಿಯಲ್ಲಿ, ಎರಡೂ ಪೆಟ್ಟಿಗೆಗಳು ಒಂದೇ ಐಪಿ ವಿಳಾಸವನ್ನೂ 00-00-5ಇ-00-01 ಎಂದು ಆರಂಭವಾಗುವ ಒಂದೇ ಮ್ಯಾಕ್ ವಿಳಾಸವನ್ನೂ ಹಂಚಿಕೊಂಡಿರುತ್ತವೆ. ಮುಖ್ಯ ಪೆಟ್ಟಿಗೆ ಸೆಕೆಂಡಿಗೊಮ್ಮೆ 224.0.0.18 ಎಂಬ ಗುಂಪು ವಿಳಾಸಕ್ಕೆ ತಾನಿದ್ದೇನೆಂಬ ಸಂದೇಶ ಕಳಿಸುತ್ತಿರುತ್ತದೆ, ಅದು ಮೂರು ಸಲ ತಪ್ಪಿದರೆ ಎರಡನೆಯದು ಆ ವಿಳಾಸಗಳನ್ನು ವಹಿಸಿಕೊಳ್ಳುತ್ತದೆ. ಮೂರು ನಾಲ್ಕು ಸೆಕೆಂಡಿನಲ್ಲಿ ಮುಗಿಯುವ ಈ ಹಸ್ತಾಂತರ ವರ್ಚುವಲ್ ಸ್ವಿಚ್ಚಿನ ಮೇಲೆ ತಾನಾಗಿ ನಡೆಯುವುದಿಲ್ಲ, ಏಕೆಂದರೆ ಪ್ರತಿ ವಿಎಂಗೂ ಮ್ಯಾಕ್ ವಿಳಾಸವನ್ನು ಕೊಟ್ಟದ್ದು ಹೈಪರ್‌ವೈಸರೇ ಆದ್ದರಿಂದ, ಬೇರೆ ವಿಳಾಸ ಹೊತ್ತು ಬರುವ ಫ್ರೇಮನ್ನು ಅದು ವಂಚನೆಯೆಂದು ಬಗೆದು ತಡೆಯಬಹುದು. ವಿಎಂವೇರ್‌ನಲ್ಲಿ ಪ್ರಾಮಿಸ್ಕ್ಯುವಸ್ ಮೋಡ್, ಫೋರ್ಜ್ಡ್ ಟ್ರಾನ್ಸ್‌ಮಿಟ್ಸ್ ಎಂಬ ಆಯ್ಕೆಗಳನ್ನು, ಹೈಪರ್-ವಿಯಲ್ಲಿ ಮ್ಯಾಕ್ ಅಡ್ರೆಸ್ ಸ್ಪೂಫಿಂಗ್ ಎಂಬುದನ್ನು ತಿಳಿದು ತೆರೆಯಬೇಕಾಗುತ್ತದೆ. ತೆರೆಯದಿದ್ದರೆ ನಷ್ಟ ಕೂಡಲೇ ಗೊತ್ತಾಗದೆ ಇರಬಹುದು ಎಂಬುದೇ ಇಲ್ಲಿಯ ಅಪಾಯ: ಸಾಧನ ತನ್ನ ಸ್ವಂತ ಮ್ಯಾಕ್ ವಿಳಾಸದಲ್ಲಿ ದಿನನಿತ್ಯದ ಸಂಚಾರ ಸಾಗಿಸುತ್ತಿದ್ದು, ಹಸ್ತಾಂತರದ ಗಳಿಗೆಯಲ್ಲಿ ಮಾತ್ರ ವಿಳಾಸ ಬದಲಾಗುವಂತಿದ್ದರೆ, ಎಲ್ಲವೂ ಸರಿಯಿದೆಯೆಂದು ತೋರುತ್ತಿದ್ದ ಜೋಡಿ ಬೇಕಾದ ಹೊತ್ತಿನಲ್ಲಿಯೇ ಕೈಕೊಡುತ್ತದೆ.

ಸ್ವಂತ ಹೈಪರ್‌ವೈಸರಿನಲ್ಲಿ ತೆರೆಯುವುದಕ್ಕೆ ಕೊನೆಯ ಪಕ್ಷ ಒಂದು ಆಯ್ಕೆಯಾದರೂ ಇದೆ. ದೊಡ್ಡ ಕ್ಲೌಡ್‌ಗಳಲ್ಲಿ ಅದೂ ಇಲ್ಲ. ಅಲ್ಲಿ ವಿಎಂಗಳಿಗೆ ಕಾಣುವ ಜಾಲ ಈಥರ್‌ನೆಟ್‌ನಂತೆ ತೋರಿದರೂ ಅದು ಈಥರ್‌ನೆಟ್ ಅಲ್ಲ. ಯಾವ ಐಪಿ ವಿಳಾಸ ಯಾವ ಭೌತಿಕ ಸರ್ವರಿನ ಯಾವ ವಿಎಂಗೆ ಸೇರಿದ್ದೆಂಬ ನಕ್ಷೆಯೊಂದನ್ನು ಕ್ಲೌಡಿನ ನಿಯಂತ್ರಣ ವ್ಯವಸ್ಥೆ ಇಟ್ಟುಕೊಂಡಿರುತ್ತದೆ, ಪ್ರತಿ ಪ್ಯಾಕೆಟ್ಟೂ ಆ ನಕ್ಷೆಯ ಪ್ರಕಾರವೇ ಸಾಗುತ್ತದೆ. ಈ ವಿಳಾಸ ಇನ್ನು ನನ್ನದು ಎಂದು ಒಂದು ವಿಎಂ ಎಆರ್‌ಪಿ ಸಂದೇಶದ ಮೂಲಕ ಎಷ್ಟೇ ಸಾರಿದರೂ ನಕ್ಷೆ ಬದಲಾಗುವುದಿಲ್ಲ. ಸಾಮಾನ್ಯ ಬ್ರಾಡ್‌ಕಾಸ್ಟ್, ಮಲ್ಟಿಕಾಸ್ಟ್ ಸಂಚಾರಕ್ಕೆ ಅಲ್ಲಿ ಜಾಗವಿಲ್ಲ. ತನ್ನ ವಿಳಾಸಕ್ಕಲ್ಲದೆ ಬೇರೆಯವರಿಗೆ ಸೇರಿದ ಪ್ಯಾಕೆಟ್ಟನ್ನು ವಿಎಂ ಸಾಗಿಸುವುದನ್ನೂ ಎಡಬ್ಲ್ಯೂಎಸ್ ತಡೆಯುತ್ತದೆ. ರೂಟರಿನ ಕೆಲಸವೇ ಅದಾದ್ದರಿಂದ ಸೋರ್ಸ್-ಡೆಸ್ಟಿನೇಶನ್ ಚೆಕ್ ಎಂಬ ಆ ತಪಾಸಣೆಯನ್ನು ಅಪ್ಲೈಯನ್ಸಿನ ಪ್ರತಿ ಇಂಟರ್‌ಫೇಸಿನಲ್ಲೂ ಬಿಡಿಸಬೇಕು. ಅಝೂರ್ ಮತ್ತು ಗೂಗಲ್ ಕ್ಲೌಡ್‌ಗಳಲ್ಲಿ ಐಪಿ ಫಾರ್ವರ್ಡಿಂಗ್ ಎಂಬ ಹೆಸರಿನಲ್ಲಿ ಇದೇ ಅನುಮತಿಯನ್ನು ಕೊಡಬೇಕಾಗುತ್ತದೆ.

ಹಾಗಾದರೆ ಕ್ಲೌಡಿನಲ್ಲಿ ಹಸ್ತಾಂತರ ಹೇಗೆ? ಒಂದು ದಾರಿಯಲ್ಲಿ, ಬದುಕುಳಿದ ಅಪ್ಲೈಯನ್ಸ್ ಕ್ಲೌಡಿನ ಎಪಿಐ ಅನ್ನು ಕರೆದು, ಮಾರ್ಗಕೋಷ್ಟಕದಲ್ಲಿ ಜೊತೆಗಾರನ ಹೆಸರಿದ್ದ ಕಡೆ ತನ್ನ ಹೆಸರನ್ನು ಬರೆಸುತ್ತದೆ. ಇದಕ್ಕೆ ಆಯಾ ಕ್ಲೌಡಿನ ಎಪಿಐ ಭಾಷೆ ಅಪ್ಲೈಯನ್ಸಿಗೆ ಗೊತ್ತಿರಬೇಕು, ಮಾರ್ಗ ಬದಲಿಸುವ ಅಧಿಕಾರ ಅದಕ್ಕೆ ಕೊಟ್ಟಿರಬೇಕು, ಎಪಿಐ ಸೇವೆಯನ್ನು ತಲುಪುವ ದಾರಿ ಆ ಗಳಿಗೆಯಲ್ಲಿ ತೆರೆದಿರಬೇಕು. ಎಲ್ಲವೂ ಕೂಡಿಬಂದಾಗಲೂ ಹಲವು ಸೆಕೆಂಡುಗಳು, ಕೆಲವು ವೇಳೆ ಇನ್ನೂ ಹೆಚ್ಚು ಹಿಡಿಯಬಹುದು. ಇನ್ನೊಂದು ದಾರಿಯಲ್ಲಿ ಕ್ಲೌಡಿನ ಲೋಡ್ ಬ್ಯಾಲೆನ್ಸರನ್ನು ಎರಡೂ ಅಪ್ಲೈಯನ್ಸ್‌ಗಳ ಮುಂದೆ ನಿಲ್ಲಿಸಿ, ಅದು ಆಗಾಗ ಅವುಗಳ ಆರೋಗ್ಯ ವಿಚಾರಿಸುತ್ತ ಬದುಕಿರುವುದರ ಕಡೆಗೆ ಸಂಚಾರ ತಿರುಗಿಸುವಂತೆ ಮಾಡಲಾಗುತ್ತದೆ. ಈ ದಾರಿ ಹೆಚ್ಚು ಭದ್ರವಾದರೂ ಅದರಲ್ಲೊಂದು ಸೂಕ್ಷ್ಮ ತೊಡಕಿದೆ, ಅದನ್ನು ಹತ್ತಿರದಿಂದ ನೋಡುವುದು ಒಳ್ಳೆಯದು. ಅಝೂರ್‌ನಲ್ಲಿ ಆರೋಗ್ಯ ವಿಚಾರಿಸುವ ಪ್ಯಾಕೆಟ್‌ಗಳೆಲ್ಲ 168.63.129.16 ಎಂಬ ಒಂದೇ ವಿಳಾಸದಿಂದ ಬರುತ್ತವೆ. ಫೈರ್‌ವಾಲಿನ ಒಳಬದಿಗೊಂದು ಹೊರಬದಿಗೊಂದು ಲೋಡ್ ಬ್ಯಾಲೆನ್ಸರ್ ಇದ್ದರೆ, ಒಂದೇ ವಿಳಾಸದಿಂದ ಎರಡು ಇಂಟರ್‌ಫೇಸುಗಳ ಮೇಲೆ ವಿಚಾರಣೆ ಬರುತ್ತದೆ. ಫೈರ್‌ವಾಲಿನ ಮಾರ್ಗಕೋಷ್ಟಕ ಒಂದೇ ಆಗಿದ್ದರೆ ಎರಡಕ್ಕೂ ಉತ್ತರ ಒಂದೇ ಇಂಟರ್‌ಫೇಸಿನಿಂದ ಹೊರಡುತ್ತದೆ, ಇನ್ನೊಂದು ಬದಿಯ ಲೋಡ್ ಬ್ಯಾಲೆನ್ಸರ್ ಉತ್ತರ ಕಾಣದೆ, ಚೆನ್ನಾಗಿಯೇ ನಡೆಯುತ್ತಿರುವ ಫೈರ್‌ವಾಲನ್ನು ಸತ್ತಿದೆಯೆಂದು ಬಗೆಯುತ್ತದೆ. ಒಳಬದಿಗೂ ಹೊರಬದಿಗೂ ಬೇರೆ ಬೇರೆ ಮಾರ್ಗಕೋಷ್ಟಕ ಇಟ್ಟುಕೊಳ್ಳಬಲ್ಲ, ಅಥವಾ ಬಂದ ದಾರಿಯಲ್ಲೇ ಉತ್ತರ ಕಳಿಸಬಲ್ಲ ಅಪ್ಲೈಯನ್ಸ್ ಮಾತ್ರ ಇಲ್ಲಿ ನಿಲ್ಲುತ್ತದೆ. ಆ ಸಾಮರ್ಥ್ಯವಿಲ್ಲದ್ದು ಬೂಟ್ ಆಗುತ್ತದೆ, ಕಾರ್ಡುಗಳನ್ನು ಗುರುತಿಸುತ್ತದೆ, ಕೋಷ್ಟಕದಲ್ಲಿ ಗುರುತನ್ನೂ ಪಡೆಯುತ್ತದೆ, ಕೆಲಸಕ್ಕೆ ಮಾತ್ರ ಬಾರದು.

ಈ ತೊಡಕುಗಳನ್ನು ಕಡಿಮೆ ಮಾಡಲೆಂದು ಎಡಬ್ಲ್ಯೂಎಸ್ 2020ರ ನವೆಂಬರಿನಲ್ಲಿ ಗೇಟ್‌ವೇ ಲೋಡ್ ಬ್ಯಾಲೆನ್ಸರ್ ಎಂಬ ಸೇವೆಯನ್ನು ತಂದಿತು, ಮೂಲ ಪ್ಯಾಕೆಟ್ಟನ್ನು ಬದಲಿಸದೆ ಜಿನೀವ್ ಎಂಬ ಹೊದಿಕೆಯಲ್ಲಿಟ್ಟು ಯುಡಿಪಿ 6081 ಪೋರ್ಟಿನ ಮೂಲಕ ಅಪ್ಲೈಯನ್ಸಿಗೆ ಒಪ್ಪಿಸುವ ಈ ವ್ಯವಸ್ಥೆ ನಿಜಕ್ಕೂ ಒಂದು ಮುನ್ನಡೆ. ಅನಂತರ ಅಝೂರ್ ಅದೇ ಹೆಸರಿನ ಸೇವೆ ತಂದಾಗ ಜಿನೀವ್ ಬದಲು ವಿಎಕ್ಸ್‌ಲ್ಯಾನ್ ಹೊದಿಕೆಯನ್ನು ಆರಿಸಿಕೊಂಡಿತು. ಹೆಸರು ಒಂದಾದರೂ ಅಪ್ಲೈಯನ್ಸ್ ಕಲಿಯಬೇಕಾದ ಪಾಠ ಎರಡಾಯಿತು.

ಕ್ಲೌಡಿನ ಇತರ ಮಿತಿಗಳೂ ವಿನ್ಯಾಸವನ್ನೇ ಬದಲಿಸುವಷ್ಟು ಬಲವಾಗಿವೆ. ಎಡಬ್ಲ್ಯೂಎಸ್‌ನ ಸಿ5.ಲಾರ್ಜ್ ವಿಎಂಗೆ 2 ವರ್ಚುವಲ್ ಪ್ರೊಸೆಸರ್, ಹೆಚ್ಚೆಂದರೆ 3 ಇಂಟರ್‌ಫೇಸ್. ನಿರ್ವಹಣೆಗೊಂದು, ಒಳಗೊಂದು, ಹೊರಗೊಂದು ಕೊಟ್ಟ ಮೇಲೆ ಜೊತೆಗಾರನೊಡನೆ ಸಂಪರ್ಕಕ್ಕೆ ನಾಲ್ಕನೆಯದು ಬೇಕಾದರೆ, ಪ್ರೊಸೆಸರ್ ಬಲ ಸಾಕಾಗಿದ್ದರೂ ಎರಡು ಪಟ್ಟು ದೊಡ್ಡದಾದ ಸಿ5.ಎಕ್ಸ್‌ಲಾರ್ಜ್ ಕೊಳ್ಳಬೇಕು. ಅಲ್ಲಿಯೇ ಒಂದು ಹರಿವಿಗೆ, ಅಂದರೆ ಒಂದೇ ಜೋಡಿ ವಿಳಾಸ ಮತ್ತು ಪೋರ್ಟ್‌ಗಳ ನಡುವಣ ಸಂಚಾರಕ್ಕೆ, ಸಾಮಾನ್ಯವಾಗಿ ಸೆಕೆಂಡಿಗೆ 5 ಗಿಗಾಬಿಟ್‌ನ ಮಿತಿ ಇದೆ; ಒಂದು ಐಪಿಸೆಕ್ ಸುರಂಗ ಹೊರಗಿನಿಂದ ಒಂದೇ ಹರಿವಾಗಿ ಕಾಣುವುದರಿಂದ ಎಷ್ಟು ದೊಡ್ಡ ವಿಎಂ ಕೊಂಡರೂ ಒಂದು ಸುರಂಗ ಈ ಮಿತಿಯನ್ನು ಮೀರುವುದಿಲ್ಲ. ಪ್ಯಾಕೆಟ್ಟಿನ ಗರಿಷ್ಠ ಗಾತ್ರವಾದ ಎಂಟಿಯು ಎಡಬ್ಲ್ಯೂಎಸ್ ಒಳಗೆ 9001 ಬೈಟ್ ಇರಬಹುದಾದರೆ ಅಂತರ್ಜಾಲದ ಕಡೆಗೆ 1500, ಗೂಗಲ್‌ನಲ್ಲಿ ಪೂರ್ವನಿಗದಿತವಾಗಿ 1460. ಐಪಿಸೆಕ್ ಹೊದಿಕೆ ಇದರಲ್ಲಿ ಇನ್ನಷ್ಟನ್ನು ತಿನ್ನುತ್ತದೆ. ಲೆಕ್ಕ ತಪ್ಪಿದಾಗ ಪಿಂಗ್ ಸರಿಯಾಗಿ ಹೋಗುತ್ತದೆ, ಲಾಗಿನ್ ಪುಟವೂ ತೆರೆದುಕೊಳ್ಳುತ್ತದೆ, ದೊಡ್ಡ ಫೈಲ್ ಇಳಿಸತೊಡಗಿದಾಗ ಮಾತ್ರ ಸಂಪರ್ಕ ನಿಂತುಹೋಗುತ್ತದೆ; ನೆಟ್‌ವರ್ಕ್ ವಿಭಾಗದವರು ದಿನಗಟ್ಟಲೆ ಹುಡುಕುವ ದೋಷಗಳಲ್ಲಿ ಇದೊಂದು.

ಹೊಂದಿಕೆಯ ಪ್ರಶ್ನೆ ಕಳೆದ ಕೆಲವು ವರ್ಷಗಳಲ್ಲಿ ಹೆಚ್ಚು ತುರ್ತಿನದಾಗಿದೆ. 2023ರ ನವೆಂಬರಿನಲ್ಲಿ ಬ್ರಾಡ್‌ಕಾಮ್ ಕಂಪನಿ ವಿಎಂವೇರ್ ಅನ್ನು ಕೊಂಡುಕೊಂಡು, ಮರುತಿಂಗಳೇ ಶಾಶ್ವತ ಲೈಸೆನ್ಸುಗಳ ಮಾರಾಟವನ್ನು ನಿಲ್ಲಿಸಿ ಚಂದಾ ಪದ್ಧತಿಗೆ ತಿರುಗಿದ ಮೇಲೆ, ಅನೇಕ ಸಂಸ್ಥೆಗಳು ಪ್ರಾಕ್ಸ್‌ಮಾಕ್ಸ್, ನ್ಯೂಟಾನಿಕ್ಸ್ ಎಎಚ್‌ವಿ, ಓಪನ್‌ಸ್ಟ್ಯಾಕ್‌ಗಳ ಕಡೆಗೆ ನೋಡತೊಡಗಿವೆ. ಪ್ರಾಕ್ಸ್‌ಮಾಕ್ಸ್ ಮತ್ತು ಎಎಚ್‌ವಿ ಎರಡರ ಬುಡದಲ್ಲೂ ಇರುವುದು ಕೆವಿಎಂ, ಓಪನ್‌ಸ್ಟ್ಯಾಕ್ ಕೂಡ ಬಹುಮಟ್ಟಿಗೆ ಅದರ ಮೇಲೆಯೇ ನಡೆಯುತ್ತದೆ. ಆದ್ದರಿಂದ ಕೆವಿಎಂಗೆ ಹೊಂದುವ ಅಪ್ಲೈಯನ್ಸ್ ಇವೆಲ್ಲಕ್ಕೂ ಹೊಂದುತ್ತದೆ ಎಂಬ ತರ್ಕ ಸಹಜವಾಗಿ ಮೂಡುತ್ತದೆ. ಬೂಟ್ ಆಗುವ ಮಟ್ಟಿಗೆ ಅದು ಬಹುಪಾಲು ನಿಜವೂ ಹೌದು. ಆದರೆ ಅವುಗಳ ವರ್ಚುವಲ್ ಸ್ವಿಚ್ಚಿನ ನಡವಳಿಕೆ, ಇಂಟರ್‌ಫೇಸುಗಳು ಕಾಣಿಸಿಕೊಳ್ಳುವ ಕ್ರಮ, ಎಸ್‌ಆರ್-ಐಒವಿ ಬೆಂಬಲ ಎಲ್ಲವೂ ಬೇರೆ ಬೇರೆ. ಮೊದಲ ಇಂಟರ್‌ಫೇಸ್ ನಿರ್ವಹಣೆಯದೆಂದು ಅಪ್ಲೈಯನ್ಸ್ ನಂಬಿ ಕುಳಿತಿದ್ದು, ಹೊಸ ಹೈಪರ್‌ವೈಸರಿನಲ್ಲಿ ಆ ಸ್ಥಾನಕ್ಕೆ ಅಂತರ್ಜಾಲದ ಇಂಟರ್‌ಫೇಸ್ ಬಂದರೆ ಆಗುವ ಅನಾಹುತವನ್ನು ವಿವರಿಸಬೇಕಾಗಿಲ್ಲ. ವಿಎಂನ ಗುರುತಿನ ಸಂಖ್ಯೆಗೆ ಕಟ್ಟಿದ ಲೈಸೆನ್ಸ್ ಸ್ಥಳಾಂತರವಾದೊಡನೆ ಅಸಿಂಧುವಾಗುವುದುಂಟು. ಇದಕ್ಕಿಂತ ಮುಖ್ಯವಾಗಿ, ಪಟ್ಟಿಯಲ್ಲಿಲ್ಲದ ಹೈಪರ್‌ವೈಸರ್ ಆವೃತ್ತಿಯ ಮೇಲೆ ನಡೆಯುತ್ತಿರುವ ಅಪ್ಲೈಯನ್ಸ್ ಕೆಟ್ಟಾಗ ತಯಾರಕನ ಬೆಂಬಲ ವಿಭಾಗ ದೂರನ್ನು ಕೈಗೆತ್ತಿಕೊಳ್ಳಲು ನಿರಾಕರಿಸಬಹುದು. ಬಾಡಿಗೆ ಮನೆಯ ಕೊಳಾಯಿ ಒಡೆದಾಗ ಮನೆಯ ಮಾಲೀಕ, ಗುತ್ತಿಗೆದಾರ, ಬಾಡಿಗೆದಾರರು ಒಬ್ಬರತ್ತ ಒಬ್ಬರು ಬೆರಳು ತೋರಿಸುವ ಸ್ಥಿತಿಯೇ ಅಪ್ಲೈಯನ್ಸಿನ ತಯಾರಕ, ಹೈಪರ್‌ವೈಸರಿನ ತಯಾರಕ, ಸರ್ವರಿನ ತಯಾರಕರ ನಡುವೆ ಉಂಟಾಗುತ್ತದೆ.

ಭಾರತದ ಸಂಸ್ಥೆಗಳಿಗೆ ಇದರ ಜೊತೆಗೆ ಸ್ಥಳದ ಪ್ರಶ್ನೆಯೂ ಇದೆ. ಪಾವತಿ ವ್ಯವಸ್ಥೆಗೆ ಸೇರಿದ ದತ್ತಾಂಶ ಭಾರತದೊಳಗೇ ಇರಬೇಕೆಂದು ರಿಸರ್ವ್ ಬ್ಯಾಂಕ್ 2018ರ ಏಪ್ರಿಲಿನಲ್ಲಿ ಆದೇಶಿಸಿದ್ದರಿಂದ ಬ್ಯಾಂಕುಗಳು ಮುಂಬಯಿ, ಹೈದರಾಬಾದ್, ಪುಣೆಗಳಂಥ ಕಡೆಯಿರುವ ಕ್ಲೌಡ್ ಕೇಂದ್ರಗಳನ್ನೇ ಆರಿಸಿಕೊಳ್ಳಬೇಕಾಗುತ್ತದೆ. ಅಪ್ಲೈಯನ್ಸಿನ ತಯಾರಕ ಶಿಫಾರಸು ಮಾಡುವ ವಿಎಂ ಸರಣಿ ಅಮೆರಿಕದ ಕೇಂದ್ರದಲ್ಲಿದೆ ಎಂದ ಮಾತ್ರಕ್ಕೆ ಇಲ್ಲಿಯ ಕೇಂದ್ರದಲ್ಲೂ ಇರುತ್ತದೆಂದು ಹೇಳಲಾಗದು. ಸಿಸ್ಕೋ, ಜುನಿಪರ್, ನ್ಯೂಟಾನಿಕ್ಸ್, ವಿಎಂವೇರ್‌ಗಳಂಥ ಕಂಪನಿಗಳ ಅಭಿವೃದ್ಧಿ ಕೇಂದ್ರಗಳು ಬೆಂಗಳೂರಿನಲ್ಲಿರುವುದರಿಂದ, ಇಂಥ ತೊಡಕುಗಳನ್ನು ಬಿಡಿಸಬಲ್ಲ ಪರಿಣತಿ ಕರ್ನಾಟಕದಲ್ಲಿ ಧಾರಾಳವಾಗಿದೆ. ಟೆಂಡರ್ ಬರೆಯುವ ಮೇಜಿಗೆ ಆ ಪರಿಣತಿ ತಲುಪುವುದು ಅಗತ್ಯ.

ಸರ್ಕಾರಿ ಇಲಾಖೆಗಳು, ಸಹಕಾರಿ ಬ್ಯಾಂಕುಗಳು, ಆಸ್ಪತ್ರೆಗಳು, ವಿಶ್ವವಿದ್ಯಾಲಯಗಳು ವರ್ಚುವಲ್ ಫೈರ್‌ವಾಲ್ ಕೊಳ್ಳುವಾಗ ಟೆಂಡರಿನಲ್ಲಿ ಎಲ್ಲ ಪ್ರಮುಖ ಹೈಪರ್‌ವೈಸರ್‌ಗಳಿಗೂ ಹೊಂದಬೇಕು ಎಂಬ ಒಂದು ಸಾಲು ಬರೆದು ಮುಗಿಸಬಾರದು. ತಾವು ಬಳಸುತ್ತಿರುವ ಹೈಪರ್‌ವೈಸರಿನ ಆವೃತ್ತಿ, ನೆಟ್‌ವರ್ಕ್ ಕಾರ್ಡಿನ ಮಾದರಿ, ಕ್ಲೌಡಿನ ಕೇಂದ್ರ ಮತ್ತು ವಿಎಂ ಸರಣಿಯನ್ನು ಹೆಸರಿಸಿ, ತಪಾಸಣೆಯ ಸೌಲಭ್ಯಗಳೆಲ್ಲ ಚಾಲೂ ಇರುವಾಗ ಆ ಜೋಡಣೆಯ ಮೇಲೆ ಸಿಗುವ ವೇಗವನ್ನು ಲಿಖಿತವಾಗಿ ಕೇಳಬೇಕು. ಹಣ ಪಾವತಿಯಾಗುವ ಮೊದಲು ಜೋಡಿಯಲ್ಲಿ ಒಂದನ್ನು ಇದ್ದಕ್ಕಿದ್ದಂತೆ ನಿಲ್ಲಿಸಿ, ನಡೆಯುತ್ತಿರುವ ಸಂಪರ್ಕಗಳು ಎಷ್ಟು ಸೆಕೆಂಡಿನಲ್ಲಿ ಇನ್ನೊಂದರ ಮೇಲೆ ಮರಳುತ್ತವೆ ಎಂಬುದನ್ನು ತಮ್ಮದೇ ಜಾಲದಲ್ಲಿ, ತಮ್ಮದೇ ಸಿಬ್ಬಂದಿಯ ಎದುರಿನಲ್ಲಿ ಅಳೆಯಿಸಿ ಸಹಿ ಪಡೆಯಬೇಕು. ಈ ಪರೀಕ್ಷೆಗೆ ಒಪ್ಪದ ಮಾರಾಟಗಾರನ ಕೋಷ್ಟಕವನ್ನು ಎಷ್ಟೇ ಗುರುತುಗಳಿದ್ದರೂ ನಂಬಬೇಕಾಗಿಲ್ಲ.